ನಕ್ಕರೆ ಬೀಳುತ್ತಿದ್ದ ನನ್ನ ತಮ್ಮ

ನನ್ನ ತಮ್ಮ ಕ್ಷೌರಿಕ. ಬರೆದುಕೊಂಡೆಯಾ ಹುಡುಗಿ? ಅವನ ಕಟಿಂಗ್ ಶಾಪಿನಲ್ಲಿ ಕನ್ನಡಿಯ ಪಕ್ಕ ಒಂದು ಬೋರ್ಡು ಇತ್ತು: "ಇಲ್ಲಿ ನಗಿಸಬಾರದು." ಬೀದಿಯವರೆಲ್ಲ ಅವನನ್ನು ಗಂಟುಮುಖದಣ್ಣ ಅಂತಲೇ ಕರೆಯುತ್ತಿದ್ದರು. ಗಂಟುಮುಖ ಅಂತೆ! ಚಿಕ್ಕವನಿದ್ದಾಗ ನಕ್ಕೂ ನಕ್ಕೂ ಬಿಕ್ಕಳಿಕೆ ತರಿಸಿಕೊಳ್ಳುತ್ತಿದ್ದವನು ಅವನು. ಅಪ್ಪನ ಕೊಡೆ ಗಾಳಿಗೆ ಉಲ್ಟಾ ಆಗಿದ್ದಕ್ಕೇ ಊಟದ ಹೊತ್ತಿನ ತನಕ ನಕ್ಕಿದ್ದ. ಒಳ್ಳೆ ಕೊಡೆ ಅದು, ಮರದ ಹಿಡಿಯದು... ಇರಲಿ, ಅದು ಬೇಡ ಈಗ.

ಮದುವೆಯಾದ ಮೇಲೆ ಶುರುವಾಯಿತು. ಕೂತಲ್ಲೇ ನಿದ್ದೆ. ತುತ್ತು ಬಾಯಲ್ಲಿರುವಾಗಲೇ ತೂಕಡಿಕೆ. ಸೋಮಾರಿ ಅಂದೆವು. ಒಂದು ದಿನ ಗಿರಾಕಿಯೊಬ್ಬ ಏನೋ ತಮಾಷೆ ಹೇಳಿದ. ಇವನು ನಕ್ಕ, ಅಷ್ಟೇ. ಮೊಣಕಾಲು ಕುಸಿದು ಮೂಟೆಯ ಹಾಗೆ ನೆಲಕ್ಕೆ ಬಿದ್ದ. ಕತ್ತಿ ಒಂದು ಕಡೆ, ಇವನು ಒಂದು ಕಡೆ. ಗಿರಾಕಿ ಅರ್ಧ ಗಡ್ಡ, ಅರ್ಧ ನೊರೆ ಹೊತ್ತು ಬೀದಿಗೆ ಓಡಿದ. ಕುಡಿದಿದ್ದಾನೆ ಅಂತ ಸುದ್ದಿಯಾಯಿತು. ಅಮ್ಮ ಅವನ ಬಾಯಿ ಮೂಸಿ ನೋಡಿದಳು.

"ಎಲ್ಲಾ ಕೇಳಿಸುತ್ತೆ ಅಕ್ಕಾ," ಅಂದ ನನ್ನ ಹತ್ತಿರ. "ಎಚ್ಚರ ಇರುತ್ತೆ. ಕೈಕಾಲು ಮಾತ್ರ ನಂದಲ್ಲ."

ಕೊನೆಗೆ ದೊಡ್ಡಾಸ್ಪತ್ರೆಗೆ ಹೋದೆವು. "ಮಿದುಳಲ್ಲಿ ಎಚ್ಚರ ಕಾಯೋ ಒಂದು ರಾಸಾಯನಿಕ ಇರುತ್ತೆ, ಒರೆಕ್ಸಿನ್ ಅಂತ," ಅಂದರು ಡಾಕ್ಟರಮ್ಮ. "ಎದ್ದಿರು, ಗಟ್ಟಿಯಾಗಿ ನಿಂತ್ಕೋ ಅಂತ ಒಂದು ನರಕೋಶ ಇನ್ನೊಂದನ್ನ ಕರೆಯೋದು ಅದ್ರಿಂದ್ಲೇ. ನಿಮ್ಮಲ್ಲಿ ಕರೆಯೋ ಕೋಶಗಳು ಸತ್ತುಹೋಗಿವೆ. ಕರೆ ಕೇಳಿಸ್ಕೊಳ್ಳೋಕೆ ಗ್ರಾಹಕಗಳು ಅಂತಿರ್ತವೆ, ಅವು ಚೆನ್ನಾಗೇ ಇವೆ. ಸುಮ್ನೆ ಕಾಯ್ತಾ ಇವೆ. ಅದಕ್ಕೇ ಈ ನಿದ್ದೆ, ಅದಕ್ಕೇ ನಕ್ಕ ಕೂಡ್ಲೇ ಮೈ ಕುಸಿಯೋದು. ಕೆಲವು ನಾಯಿಗಳಲ್ಲಿ ಉಲ್ಟಾ. ಕರೆ ಇರುತ್ತೆ, ಗ್ರಾಹಕ ಕೆಟ್ಟಿರುತ್ತೆ. ಊಟ ಕಂಡ ಖುಷಿಗೇ ಬಿದ್ದುಬಿಡ್ತವೆ."

ಅವನ ಹೆಂಡತಿಯ ಬಾಯಿ ಸುಮ್ಮನಿರುತ್ತದೆಯೇ? "ಹಾಗಾದ್ರೆ ನಮ್ಮ ಯಜಮಾನ್ರು ಆ ನಾಯಿಗಿಂತ ವಾಸಿ ಡಾಕ್ಟ್ರೇ. ಊಟ ಕಂಡು ಬೀಳಲ್ಲ, ನನ್ನ ಕಂಡು ಬೀಳ್ತಾರೆ."

ಅಲ್ಲೇ, ಡಾಕ್ಟರಮ್ಮನ ಮೇಜಿನ ಮುಂದೆಯೇ ಬಿದ್ದ.

ಮಾತ್ರೆ ಕೊಟ್ಟರು. ನಿದ್ದೆ ಹಿಡಿತಕ್ಕೆ ಬಂತು, ಬೀಳುವುದು ಪೂರ್ತಿ ನಿಲ್ಲಲಿಲ್ಲ. ಅದಕ್ಕೇ ಆ ಬೋರ್ಡು. "ಇದೇನು ಕಟಿಂಗ್ ಶಾಪೋ, ಸಾವಿನ ಮನೆಯೋ?" ಅಂತ ಒಬ್ಬ ಕೇಳಿದರೆ ಪಕ್ಕದವನು, "ನಿನ್ ಗಂಟಲು ಅವನ ಕೈಲಿದೆ, ತೆಪ್ಪಗಿರೋ" ಅನ್ನುವನು.

ಮನೆಯಲ್ಲಿ ಬೇರೆ ಕಾನೂನು. ಅವಳಿಗೆ ತಮಾಷೆ ಹೊಳೆದರೆ ಮೊದಲು ಗೋಡೆಗೆ ದಿಂಬು ಒರಗಿಸುವಳು. "ರೀ, ಕೂತ್ಕೊಳ್ರೀ." ಅವನು ಕೂತ ಮೇಲೆ ಪಕ್ಕದಲ್ಲಿ ತಾನೂ ಕೂತು ಹೇಳುವಳು. ದಿನವೆಲ್ಲ ಬಿಗಿಹಿಡಿದ ನಗುವನ್ನು ಅಲ್ಲಿ ಬಿಚ್ಚಿ ಅವಳ ಭುಜಕ್ಕೆ ವಾಲಿಬಿಡುತ್ತಿದ್ದ. ಬರಬರುತ್ತಾ ತಮಾಷೆಯೂ ಬೇಕಿರಲಿಲ್ಲ, ಕೂತ್ಕೊಳ್ರೀ ಅಂದರೆ ಸಾಕಾಗುತ್ತಿತ್ತು.

ಎದೆಯಲ್ಲಿ ನೀರು ತುಂಬಿ ಅವಳು ಆಸ್ಪತ್ರೆ ಸೇರಿದಾಗ ನಾನೂ ಜೊತೆಗಿದ್ದೆ. ಮಾತಿಗೆ ಉಸಿರಿಲ್ಲ. ಆದರೂ ಮಾಸ್ಕು ಸರಿಸಿ ಅಂದಳು, "ರೀ... ಕೂತ್ಕೊಳ್ರೀ." ಅವನು ಮಂಚದ ಪಕ್ಕ ನೆಲದ ಮೇಲೆ ಕೂತ. ಮುಂದಿನದನ್ನು ಹೇಳಲು ಅವಳಿಂದ ಆಗಲಿಲ್ಲ. ಅವನು ಮಾತ್ರ ವಾಲಿಯೇಬಿಟ್ಟ. ಅವಳ ಕೈ ಮಂಚದಿಂದ ಇಳಿಬಿದ್ದಿತ್ತು, ಅವನ ಕೆನ್ನೆಯ ಹತ್ತಿರಕ್ಕೇ. ಹಿಡಿಯಲು ಇವನ ಕೈ ಏಳಲಿಲ್ಲ. ನಾನೇ ಎತ್ತಿ ಅವಳ ಬೆರಳಿಗೆ ಸೇರಿಸಿದೆ. ಅದೇ ವಾರ ಹೋದಳು.

ಈಗ ಅವನು ಬೀಳುವುದಿಲ್ಲ. ಮಾತ್ರೆ ಕೆಲಸ ಮಾಡಿತು ಅಂತ ಡಾಕ್ಟರಮ್ಮನಿಗೆ ಸಂತೋಷ. ಮಾತ್ರೆ ಅದೇ ಹಳೆಯದು ಕಣೇ. ಬೋರ್ಡನ್ನೂ ತೆಗೆದುಹಾಕಿದ. ಗಿರಾಕಿಗಳು ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಾರೆ, ಇವನ ಕತ್ತಿ ಅಲುಗುವುದಿಲ್ಲ.

ಮೊನ್ನೆ ಸಂಜೆ ಹೋದೆ. ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದ.

"ಏನೋ, ಅಪ್ಪನ ಕೊಡೆ ನೆನಪಿದೆಯಾ?" ಅಂದೆ. ಗಾಳಿ ಬೀಸಿದ್ದು, ಕೊಡೆ ತಿರುಗಿದ್ದು, ಅಪ್ಪ ಬೈದಿದ್ದು, ಈ ಮಂಡಿನೋವಿನಲ್ಲೂ ಎಲ್ಲ ಮಾಡಿ ತೋರಿಸಿ, ಅವನ ಪಕ್ಕದಲ್ಲಿ ಭುಜ ಒಡ್ಡಿ ಕೂತೆ.

"ಚೆನ್ನಾಗ್ ಮಾಡ್ತೀಯ ಅಕ್ಕಾ," ಅಂದ. ಹಲ್ಲು ಕಾಣುವ ಹಾಗೆ ನಕ್ಕ ಕೂಡ.

ವಾಲಲಿಲ್ಲ.