ಅಕ್ಕನ ಅಳುವಿನ ಸಾಲು

ಸಿನಿಮಾಗೆ ಹಾಡು ಬರೆಯುವುದೆಂದರೆ ಜನ ಏನೇನೋ ಅಂದುಕೊಂಡಿದ್ದಾರೆ. ಮೊಬೈಲಿಗೆ ಒಂದು ಟ್ಯೂನ್ ಬರುತ್ತದೆ. ಅದರಲ್ಲಿ ಯಾರೋ 'ಲಾಲಾಲಾ' ಅಂದಿರುತ್ತಾರೆ, ಸಂಜೆಯೊಳಗೆ ಅದನ್ನು ತೆಗೆದು ಮಾತು ತುಂಬಿಸಬೇಕು. ಅಷ್ಟೇ ಕೆಲಸ. ಚಾಮರಾಜನಗರದ ಬಾಡಿಗೆ ಮನೆಯಲ್ಲಿ ಕೂತು ಇಪ್ಪತ್ತು ವರ್ಷ ತುಂಬಿಸಿ ತುಂಬಿಸಿ ನನಗಂತೂ ಸಾಕಾಗಿದೆ.

ಮೂರು ವರ್ಷದ ಹಿಂದೆ ಒಂದು ಸಂಜೆ ಏನು ಮಾಡಿದರೂ ಮೊದಲ ಸಾಲು ಕೂರಲಿಲ್ಲ. ಆಗ ನೆನಪಾದದ್ದು ಅಕ್ಕನ ಮಾತು. ಭಾವ ಗುಂಡ್ಲುಪೇಟೆಯ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದರು. ಒಂದು ಮಧ್ಯಾಹ್ನ ಉಣ್ಣಲು ಅವರು ಬರಲಿಲ್ಲ, ಹೆಣ ಬಂತು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಹಾಡಿಕೊಂಡೇ ಅಳುತ್ತಾರೆ. 'ಬಿಸಿ ಮುದ್ದೆ ಆರೋಯ್ತದ, ಎದ್ದು ಬಾರೋ' ಎಂದು ಅಕ್ಕ ಎದೆ ಬಡಿದುಕೊಂಡಿದ್ದಳು. ಆ ಮಾತು ಟ್ಯೂನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಕೊನೆಗೊಂದು 'ರಾಜ' ಸೇರಿಸಿ ಕಳಿಸಿಬಿಟ್ಟೆ. ನಾಚಿಕೆ ಆಗಲಿಲ್ಲ, ಸದ್ಯ ಮುಗಿಯಿತಲ್ಲ ಅನ್ನಿಸಿತು.

ಅದು ಕುಣಿತದ ಹಾಡು. ಮದುವೆ, ಗಣಪತಿ ಮೆರವಣಿಗೆ, ಲಾರಿ, ಎಲ್ಲಿ ಹೋದರೂ ಅದೇ. ಅಕ್ಕನ ಕಿವಿಗೂ ಬಿದ್ದಿರಬೇಕು. ಅವಳು ಏನೂ ಅನ್ನಲಿಲ್ಲ, ನಾನೂ ಕೆದಕಲಿಲ್ಲ.

ಹನ್ನೆರಡು ದಿನದ ಹಿಂದೆ ಹರವೆಯಲ್ಲಿ ಚಿಕ್ಕಪ್ಪ ತೀರಿಕೊಂಡರು. ಅಕ್ಕನನ್ನು ಎತ್ತಿ ಆಡಿಸಿದವರು. ಅವಳು ಹೆಣದ ಕಾಲ ಹತ್ತಿರ ಕೂತು ಶುರು ಮಾಡಿದಳು: 'ಬಿಸಿ ಮುದ್ದೆ ಆರೋಯ್ತದ, ಎದ್ದು ಬಾರೋ...'

ಶಾಮಿಯಾನದ ಕೆಳಗೆ ನಿಂತಿದ್ದ ನೆಂಟನೊಬ್ಬ ಬಾಯಿ ತಪ್ಪಿ 'ರಾಜ' ಅಂದುಬಿಟ್ಟ. ನಾಲ್ಕೈದು ಜನ ಕಿಸಕ್ಕನೆ ನಕ್ಕರು. ಅಕ್ಕ ಬಾಯಿಗೆ ಸೆರಗು ತುರುಕಿಕೊಂಡಳು. ಮಣ್ಣು ಮಾಡಿ ಬರುವವರೆಗೂ ಅವಳ ಗಂಟಲಿನಿಂದ ಸದ್ದೇ ಹೊರಡಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವಳನ್ನು ಗುಂಡ್ಲುಪೇಟೆಗೆ ಬಿಡಲು ಹೋಗುವಾಗ ಬಸ್ಸಿನಲ್ಲಿ 'ತಪ್ಪಾಯ್ತು ಕಣಕ್ಕ' ಅಂದೆ.

'ಆಗಿದ್ದಾಗೋಯ್ತು ಬುಡು,' ಅಂದಳು. 'ಆದ್ರ ಚಿಕ್ಕಪ್ಪನ್ಗ ನಾನು ಅಳ್ನೇ ಇಲ್ವಲ್ಲಾ. ಊರ್ಗೆಲ್ಲ ಬರ್ದುಕೊಡ್ತೀಯ. ನಂಗೂ ಅಳಕ್ಕ ಬ್ಯಾರೆ ಮಾತ ಬರ್ದುಕೊಡು ಕಣ್ಲಾ, ತಿಥಿ ಒಳಗ.'

ವ್ಯಂಗ್ಯ ಇರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ಆಯ್ತು ಅಂದೆ.

ನಿನ್ನೆ ತಿಥಿ. ಈ ಹನ್ನೊಂದು ದಿನದಲ್ಲಿ ಎರಡು ಸಿನಿಮಾ ಹಾಡು ಕೊಟ್ಟೆ, ಎರಡೂ ಓಕೆ ಆದವು. ಅಕ್ಕನಿಗೆ ಒಂದು ಸಾಲೂ ಹುಟ್ಟಲಿಲ್ಲ. ಎಡೆಯ ಮುಂದೆ ಕೂತು ಅವಳು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಚಿಕ್ಕಪ್ಪನ ಎಲೆಗೆ ಬಿಸಿ ಮುದ್ದೆ ಇಟ್ಟು, ಬಾಯಿ ಬಿಡದೆ, ಎದ್ದು ಒಳಗೆ ಹೋದಳು.