ಮಣ್ಣಿಗೆ ಕೊಟ್ಟ ಪುಟಗಳು

ಮೆಲ್ಬರ್ನಿನಲ್ಲಿ ಏನು ಓದುತ್ತಿದ್ದೀಯ ಎಂದು ಯಾರಾದರೂ ಕೇಳಿದರೆ ಮೊದಮೊದಲು ನಿಜವನ್ನೇ ಹೇಳುತ್ತಿದ್ದೆ. ಯೆಹೂದಿಗಳ ಹಳೆಯ ಧರ್ಮಪಂಡಿತರು, ಅಂದರೆ ರಬ್ಬಿಗಳು, ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಮಾಡಿದ ವ್ಯಾಖ್ಯಾನಗಳನ್ನು ಓದುತ್ತಿದ್ದೇನೆ ಎನ್ನುತ್ತಿದ್ದೆ. ಕೇಳಿದವರ ಮುಖ ನೋಡಬೇಕಿತ್ತು. ಸಿಡ್ನಿಯ ಪ್ಯಾರಮಟ್ಟಾದ ಒಂದು ಗೃಹಪ್ರವೇಶದಲ್ಲಿ ಬಿಸಿಬೇಳೆಬಾತ್ ಬಡಿಸುತ್ತಿದ್ದ ಆಂಟಿಯೊಬ್ಬರು ಸೌಟು ಹಿಡಿದುಕೊಂಡೇ ನಿಂತು, "ಅದು ಓದಿದ್ರೆ ಪಿಆರ್‌ಗೆ ಪಾಯಿಂಟ್ಸ್ ಜಾಸ್ತಿ ಬರತ್ತೇನಮ್ಮಾ?" ಎಂದು ಕೇಳಿದರು. ಇಲ್ಲಿ ಕಾಯಂ ನೆಲೆಸುವ ವೀಸಾಕ್ಕೆ ಅದರಿಂದ ಏನೂ ಬರುವುದಿಲ್ಲ ಎಂದೆ. ಪಾಪ, ನನಗೆ ಇನ್ನೊಂದು ಸೌಟು ಹೆಚ್ಚಿಗೆ ಬಡಿಸಿ ಮುಂದೆ ಹೋದರು. ಅಲ್ಲಿಂದಾಚೆ ಯಾರು ಕೇಳಿದರೂ ಲೈಬ್ರರಿ ಕೋರ್ಸ್ ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದೆ.

ನಾನು ಮೈಸೂರಿನಲ್ಲಿ ಸಂಸ್ಕೃತ ಎಂ.ಎ. ಮಾಡಿದವಳು. ಮೂಲಕ್ಕೊಂದು ಭಾಷ್ಯ, ಭಾಷ್ಯಕ್ಕೊಂದು ಟೀಕೆ, ಟೀಕೆಗೊಂದು ಟಿಪ್ಪಣಿ ಎಂದು ಹೆಣಗಾಡಿ, ಮದುವೆಯಾಗಿ, ಗಂಡನ ಸ್ಕಿಲ್ಡ್ ವೀಸಾದ ಬಾಲ ಹಿಡಿದು ಸಿಡ್ನಿಗೆ ಬಂದೆ. ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರದ ಬಾಡಿಗೆ ಫ್ಲ್ಯಾಟಿನಲ್ಲಿ ಕೂತು ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸಾಕಾಗಿದ್ದಾಗ, ಸಂಜೆ ತರಗತಿಗಳ ಜಾಹೀರಾತಿನಲ್ಲಿ ಹೀಬ್ರೂ ಕಣ್ಣಿಗೆ ಬಿತ್ತು. ಹೊತ್ತು ಹೋದರೆ ಸಾಕೆಂದು ಸೇರಿಕೊಂಡೆ. ಒಂದು ದಿನ ಅಲ್ಲಿಯ ಮೇಡಂ ಹಳೆಯ ಪುಟವೊಂದರ ಪ್ರತಿ ತಂದು ತೋರಿಸಿದರು. ನಡುವೆ ನಾಲ್ಕೇ ಸಾಲು ಮೂಲ, ಸುತ್ತಲೂ ಅದರ ಬಗ್ಗೆ ಜಗಳವಾಡುವ ವ್ಯಾಖ್ಯಾನಗಳು. ಅಯ್ಯೋ, ಇದು ನಮ್ಮ ಪೈಕಿಯವರದೇ ಅಲ್ಲವೇ ಅನ್ನಿಸಿತು. ಆ ಹುಚ್ಚು ಬಿಡಲಿಲ್ಲ. ಕೆಲವು ವರ್ಷಗಳ ಮೇಲೆ ಗಂಡನನ್ನು ವೆಸ್ಟ್‌ಮೀಡಿನಲ್ಲಿ ಬಿಟ್ಟು, ಸಂಶೋಧನೆಗೆಂದು ಮೆಲ್ಬರ್ನಿನ ಕ್ಲೇಟನ್ನಿಗೆ ಹೋಗಿ ವಿದ್ಯಾರ್ಥಿಗಳ ಜೊತೆ ಒಂದು ಮನೆಯಲ್ಲಿ ರೂಮು ಹಿಡಿದೆ.

ನನಗೆ ನಿಜವಾಗಿ ಕಲಿಸಿದವರು ವಿಶ್ವವಿದ್ಯಾಲಯದಿಂದ ನಿವೃತ್ತರಾಗಿದ್ದ ಒಬ್ಬ ಮುದುಕರು. ಮನಸ್ಸಿನಲ್ಲಿ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆ. ಹುಟ್ಟಿನಿಂದ ಯೆಹೂದಿ, ಆದರೆ ದೇವರನ್ನು ನಂಬುತ್ತಿರಲಿಲ್ಲ. ಅವರ ಪಾಲಿನ ನಂಬಿಕೆಯನ್ನೂ ಸೇರಿಸಿ ಅವರ ಹೆಂಡತಿ ನಂಬುತ್ತಿದ್ದರು. ಆಕೆ ಶುಕ್ರವಾರ ಸಂಜೆ ದೀಪ ಹಚ್ಚುವಾಗ ಇವರು ಪೆನ್ಸಿಲು ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು, ಅಷ್ಟೇ. ಪಾಠ ಊಟದ ಮೇಜಿನ ಮೇಲೆ. ಎದುರು ಕೂತವರು ಆಕ್ಷೇಪಣೆ ಎತ್ತದಿದ್ದರೆ ಅವರಿಗೆ ಓದು ಮುಂದಕ್ಕೇ ಹೋಗುತ್ತಿರಲಿಲ್ಲ. ನಾನು ಹೂಂಗುಟ್ಟಿದರೆ ಸಿಡುಕುತ್ತಿದ್ದರು. ಗುರುವಿನ ಮಾತಿಗೆ ಎದುರಾಡಬಾರದೆಂದು ಬೆಳೆದ ನನಗೆ ಅದು ಮೊದಲು ಹಿಂಸೆಯಾಗುತ್ತಿತ್ತು. ಆಮೇಲೆ ರೂಢಿಯಾಯಿತು. ನನ್ನ ಬಾಯಿ ಜೋರೆಂದು ಅತ್ತೆ ಆಡಿಕೊಂಡದ್ದು ಮೆಲ್ಬರ್ನಿನಲ್ಲಿ ಉಪಯೋಗಕ್ಕೆ ಬಂತು.

ಅವರ ಇಪ್ಪತ್ತು ವರ್ಷಗಳ ಕೆಲಸ ಒಂದು ಹಳೆಯ ವ್ಯಾಖ್ಯಾನದ ಶುದ್ಧಪಾಠ ಸಿದ್ಧಪಡಿಸುವುದು. ಅದರ ಹಸ್ತಪ್ರತಿಗಳು ಯೂರೋಪಿನ ಬೇರೆ ಬೇರೆ ಗ್ರಂಥಾಲಯಗಳಲ್ಲಿವೆ. ಒಂದರಲ್ಲಿ ಇರುವ ಪದ ಇನ್ನೊಂದರಲ್ಲಿ ಇಲ್ಲ. ಒಬ್ಬ ಲಿಪಿಕಾರ ಬಿಟ್ಟದ್ದನ್ನು ಇನ್ನೊಬ್ಬ ತನಗೆ ತೋಚಿದಂತೆ ತುಂಬಿದ್ದಾನೆ. ಮೇಷ್ಟ್ರು ಅವೆಲ್ಲದರ ಜೆರಾಕ್ಸ್ ತರಿಸಿ, ಸಾಲು ಸಾಲಾಗಿ ಕತ್ತರಿಸಿ, ದೊಡ್ಡ ಹಾಳೆಗಳ ಮೇಲೆ ಒಂದರ ಕೆಳಗೊಂದು ಅಂಟಿಸಿದ್ದರು. ಅಂಚಿನಲ್ಲಿ ಬಣ್ಣದ ಪೆನ್ಸಿಲಿನಲ್ಲಿ ಅವರ ತೀರ್ಮಾನಗಳು. ಆ ತೀರ್ಮಾನಗಳಿಗೆ ಕಾರಣಗಳನ್ನು ಮಾತ್ರ ಬೇರೆ ನೋಟ್‌ಬುಕ್ಕುಗಳಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು. ಕಂಪ್ಯೂಟರ್ ಎಂದರೆ ಆಗದು. ಬ್ಯಾಂಕೊಂದರ ಐಟಿ ವಿಭಾಗದಲ್ಲಿದ್ದ ನನ್ನ ಗಂಡ ಒಮ್ಮೆ ಬಂದಾಗ ಎಲ್ಲವನ್ನೂ ಸ್ಕ್ಯಾನ್ ಮಾಡಿಕೊಡುತ್ತೇನೆಂದ. ನಿಮ್ಮ ಯಂತ್ರ ನನಗಿಂತ ಮೊದಲು ಸಾಯುತ್ತದೆ ಎಂದು ಮೇಷ್ಟ್ರು ನಕ್ಕುಬಿಟ್ಟರು. ಒಂದು ಅಧ್ಯಾಯ ಬಾಕಿಯಿತ್ತು. ಅದನ್ನು ಮುಗಿಸಿ ಪುಸ್ತಕ ಕೈಯಲ್ಲಿ ಹಿಡಿದೇ ಹೋಗಬೇಕೆಂದು ಅವರ ಹಟ. ಹಾಗೆ ಆಗಲೆಂದು ನಾನೂ ಹಟ ಹಿಡಿದಿದ್ದೆ.

ನಾನು ಸಿಡ್ನಿಗೆ ವಾಪಸಾಗಿ ಪ್ರಬಂಧ ಬರೆಯುತ್ತಿದ್ದಾಗ ಅವರಿಗೆ ಸ್ಟ್ರೋಕ್ ಆಯಿತು. ಸುದ್ದಿ ತಿಳಿದು ಅಗ್ಗದ ಟಿಕೆಟ್ಟು ಸಿಕ್ಕಿದ ಕೂಡಲೇ ಹೋದೆ. ಆಸ್ಪತ್ರೆಯಿಂದ ಅವರನ್ನು ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದ್ದರು. ಮೊದಲು ಮನೆಗೆ ಹೋಗಿ, ಹೆಂಡತಿಯನ್ನು ಕರೆದುಕೊಂಡು ಅಲ್ಲಿಗೆ ಹೋಗೋಣವೆಂದುಕೊಂಡೆ. ಹೋಗಿ ನೋಡಿದರೆ ಅವರ ಓದುವ ಕೋಣೆ ತೊಳೆದಿಟ್ಟಂತಿತ್ತು. ಗಾಲಿ ಮಂಚ ಬಂದು ಕೂತಿತ್ತು. ಕಪಾಟು ಖಾಲಿ.

ಹೆಂಡತಿ ಬಹಳ ಸಮಾಧಾನದಿಂದ ವಿವರಿಸಿದರು. ಮಂಚಕ್ಕೆ ಜಾಗ ಬೇಕಿತ್ತು. ನೋಟ್‌ಬುಕ್ಕುಗಳು ಗಂಡನಿಗೆ ಬೇಕಾಗುತ್ತವೆಂದು ಜೋಪಾನವಾಗಿ ಎತ್ತಿಟ್ಟಿದ್ದಾರೆ. ಕಪಾಟಿನಲ್ಲಿ ಹರಿದ, ಕತ್ತರಿಸಿದ, ಅಂಟು ಹಳದಿಗಟ್ಟಿದ ಪವಿತ್ರ ಪುಟಗಳು ರಾಶಿ ರಾಶಿ ಬಿದ್ದಿದ್ದವು. ಅವನ್ನು ಪ್ರಾರ್ಥನಾಮಂದಿರದ ಪೆಟ್ಟಿಗೆಗೆ ಸೇರಿಸಿದ್ದಾರೆ.

"ಕಸಕ್ಕೆ ಒಂದು ಚೂರೂ ಹಾಕಲಿಲ್ಲ. ದೇವರ ಹೆಸರಿದ್ದ ಒಂದೊಂದನ್ನೂ ಮರ್ಯಾದೆಯಿಂದ ಕಳಿಸಿದ್ದೇನೆ," ಎಂದರು.

ದೇವರ ಹೆಸರಿರುವ ಕಾಗದ ಹಳತಾದರೆ ಯೆಹೂದಿಗಳು ಎಸೆಯುವುದಿಲ್ಲ, ಸುಡುವುದಿಲ್ಲ. ಒಂದು ಕಡೆ ಕೂಡಿಟ್ಟು, ಮನುಷ್ಯರನ್ನು ಹೂಳುವ ಸ್ಮಶಾನದಲ್ಲೇ ಹೂಳುತ್ತಾರೆ. ನನಗೆ ಅದು ಪಾಠದಲ್ಲಿ ಓದಿ ಗೊತ್ತಿತ್ತು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಾನು ಆ ಪದ್ಧತಿಯನ್ನು ಮೆಚ್ಚಿಕೊಂಡಿದ್ದೆ ಕೂಡ. ಈಗ ಆಕೆಯ ಮೇಲೆ ಕೆಂಡದಂಥ ಸಿಟ್ಟು ಬಂತು. ಆದರೆ ಏನೆಂದು ಬೈಯಲಿ? ಆಕೆ ಮಾಡಿದ್ದರಲ್ಲಿ ಪ್ರೀತಿ, ಭಕ್ತಿ ಬಿಟ್ಟರೆ ಬೇರೇನೂ ಇರಲಿಲ್ಲ. ಯಾವ ದಿನ ಹೂಳುತ್ತಾರೆ ಎಂದಷ್ಟೇ ಕೇಳಿದೆ. ಹೋದ ಭಾನುವಾರ ಆಯಿತಲ್ಲ, ಶಾಲೆಯ ಮಕ್ಕಳೆಲ್ಲ ಬಂದು ಒಂದೊಂದು ಹಿಡಿ ಮಣ್ಣು ಹಾಕಿದರು ಎಂದರು.

ಏನೋ ನೆಪ ಹೇಳಿ ನಾನೊಬ್ಬಳೇ ಸ್ಮಶಾನಕ್ಕೆ ಹೋದೆ. ಅದು ಬರದ ಕಾಲ. ಮೆಲ್ಬರ್ನಿನಲ್ಲಿ ಗಿಡಕ್ಕೆ ನೀರು ಬಿಡುವುದಕ್ಕೂ ನಿರ್ಬಂಧವಿತ್ತು, ಹುಲ್ಲೆಲ್ಲ ಒಣಗಿತ್ತು. ಅಲ್ಲಿಯ ನೌಕರ ಕಾಂಪೌಂಡಿನ ಪಕ್ಕ ಹೊಸದಾಗಿ ಮುಚ್ಚಿದ ಜಾಗ ತೋರಿಸಿದ. ಕಾಗದ ಬೇಗ ಕೊಳೆಯುತ್ತದೆಯೇ ಎಂದು ಕೇಳಿದೆ. ಮಳೆಯೇ ಇಲ್ಲವಲ್ಲ, ಈ ಮಣ್ಣಿನಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತದೆ ಎಂದ. ಅವನು ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ನನ್ನ ಕಾಲ ಕೆಳಗೇ ಎಲ್ಲವೂ ಇತ್ತು, ಬಹುಶಃ ಒಂದು ಗುದ್ದಲಿಯ ಕೆಲಸ. ಅವನು ಆಚೆ ಹೋದ ಮೇಲೆ ಅಲ್ಲೇ ಕುಕ್ಕರಿಸಿ ಕೂತು ಅತ್ತೆ.

ಮಂದಿರದ ರಬ್ಬಿ ಒಳ್ಳೆಯ ಮನುಷ್ಯರು. ಹೆಸರು ಯಾರದೂ ಹೇಳದೆ ಫೋನಿನಲ್ಲಿ ಕೇಳಿದೆ. ಹೂತದ್ದನ್ನು ತೆಗೆಯಲೇಬಾರದು ಎಂದೇನೂ ಇಲ್ಲ, ಅಧ್ಯಯನಕ್ಕೆ ಬೇಕೆಂದರೆ ದಾರಿ ಹುಡುಕಬಹುದು ಎಂದರು. ನನಗೆ ಜೀವ ಬಂದಂತಾಯಿತು. ಆದರೆ ಕಾಗದದ ಯಜಮಾನರೇ ಕೇಳಿಕೊಳ್ಳಬೇಕು, ಸಮಿತಿಯ ಮುಂದೆ ವಿಷಯ ಇಡಬೇಕು. ಕಾಗದ ಯಾರದು, ಪೆಟ್ಟಿಗೆಗೆ ಹೇಗೆ ಬಂತು ಎಂಬುದೆಲ್ಲ ಅಲ್ಲಿ ಹೇಳಲೇಬೇಕು ಎಂದರು. ಸರಿ, ಮೇಷ್ಟ್ರಿಗೆ ಹೇಳದೆ ಬೇರೆ ದಾರಿಯಿರಲಿಲ್ಲ.

ಮರುದಿನ ಪುನಶ್ಚೇತನ ಕೇಂದ್ರದಲ್ಲಿ ಅವರೊಬ್ಬರೇ ಇದ್ದಾಗ ಹೇಳಿದೆ. ಅವರ ಒಂದು ಕೈ ಹೊದಿಕೆಯ ಮೇಲೆ ಸತ್ತಂತೆ ಬಿದ್ದಿತ್ತು. ಮಾತು ನಿಧಾನ, ಆದರೆ ಬುದ್ಧಿ ಚುರುಕಾಗಿಯೇ ಇತ್ತು. ಎಲ್ಲ ಕೇಳಿಸಿಕೊಂಡರು. ಅವಳಿಗೆ ಗೊತ್ತೇ ಎಂದು ಕೇಳಿದರು. ಇಲ್ಲ ಎಂದೆ.

"ಹಾಗಾದರೆ ಅಗೆಯುವುದು ಬೇಡ. ಅವಳು ಕೇಳಿದರೆ, ಕಾಗದಗಳು ಸಿಡ್ನಿಯಲ್ಲಿ ನಿನ್ನ ಹತ್ತಿರ ಇವೆ. ನಾನು ಕಾಯಿಲೆ ಬಿದ್ದು ಮಲಗುವ ಮುಂಚೆಯೇ ನೀನು ತೆಗೆದುಕೊಂಡು ಹೋಗಿದ್ದೆ. ಅವಳು ಹೂಳಿದ್ದು ಬರೀ ಹಳೆಯ ಚೂರುಗಳು."

ಆ ಮಂದಿರದಲ್ಲಿ ಯಾವ ಕಾಗದ ಪೆಟ್ಟಿಗೆಗೆ ಹೋಗಬೇಕು, ಯಾವುದು ಹೋಗಬಾರದು ಎಂದು ಹುಡುಗಿಯರಿಗೆ ಹೇಳಿಕೊಡುತ್ತಿದ್ದವರು ಆಕೆಯೇ. ಅಗೆಸಿದರೆ ಅದೇ ಜನರ ಮುಂದೆ ಆಕೆ ತಲೆ ತಗ್ಗಿಸಬೇಕಾಗುತ್ತಿತ್ತು. ಒಬ್ಬರಿಗೆ ನಾಲ್ಕು ಜನರ ಎದುರು ಅವಮಾನ ಮಾಡುವುದನ್ನು ಆ ಹಳೆಯ ಪಂಡಿತರು ಎಷ್ಟು ದೊಡ್ಡ ಪಾಪವೆಂದು ಎಣಿಸಿದ್ದರು ಎಂಬುದನ್ನು ಮೇಷ್ಟ್ರೂ ನಾನೂ ಒಂದಿಡೀ ಚಳಿಗಾಲ ಕೂತು ಓದಿದ್ದೆವು. ದೇವರನ್ನು ನಂಬದ ಮನುಷ್ಯ ಅದನ್ನು ಮಾತ್ರ ನಂಬಿದ್ದರು. ನಾನು ಸುಮ್ಮನೆ ಒಪ್ಪಲಿಲ್ಲ. ಅವರೇ ಕಲಿಸಿದಂತೆ ಆಕ್ಷೇಪಣೆ ಎತ್ತಿದೆ. ಈ ಕೆಲಸ ನಿಮ್ಮೊಬ್ಬರದಲ್ಲ, ಮುಂದೆ ಓದುವವರದೂ ಹೌದು ಎಂದೆ. ಹಸ್ತಪ್ರತಿಗಳು ಗ್ರಂಥಾಲಯಗಳಲ್ಲಿ ಇದ್ದೇ ಇವೆ, ಇನ್ನೊಬ್ಬರು ಮೊದಲಿನಿಂದ ಮಾಡಲಿ ಎಂದರು. ಯಾರು ಮಾಡುತ್ತಾರೆ ಎಂದೆ. ಅವರು ನನ್ನನ್ನು ನೋಡಿದರು. ಆ ಲಿಪಿಗಳಲ್ಲಿ ಅರ್ಧ ನನಗೆ ಓದಲಿಕ್ಕೇ ಬರುತ್ತಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಸಿಡ್ನಿಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. "ಬ್ಯಾಕಪ್ ಇಟ್ಕೊಂಡಿರ್ಲಿಲ್ವಾ ಯಾರೂ?" ಎಂದು ಕೇಳಿದ. ಎದ್ದು ಹೋಗಿ ಅಡುಗೆಮನೆ ಬಾಗಿಲು ಹಾಕಿಕೊಂಡೆ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮೇಷ್ಟ್ರು ಮನೆಗೆ ಬಂದ ಮೇಲೆ ವಾರಕ್ಕೊಮ್ಮೆ ಫೋನಿನಲ್ಲಿ ಕೂರತೊಡಗಿದೆವು. ನೋಟ್‌ಬುಕ್ಕುಗಳಲ್ಲಿ ಕಾರಣಗಳಷ್ಟೇ ಇದ್ದವು, ಸಾಲುಗಳಾಗಲಿ ತೀರ್ಮಾನಗಳಾಗಲಿ ಇರಲಿಲ್ಲ; ಅವನ್ನು ನೆನಪಿನಿಂದಲೇ ಆದಷ್ಟು ಉಳಿಸೋಣ ಎಂದು ಅವರ ಯೋಚನೆ. ಅವರು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ನನ್ನ ಪ್ರಬಂಧಕ್ಕೆಂದು ಒಂದೇ ಒಂದು ಅಧ್ಯಾಯವನ್ನು ಮೊದಲೇ ನನ್ನ ಕೈಯಲ್ಲಿ ನಕಲು ಮಾಡಿಕೊಂಡಿದ್ದೆ. ಮೊದಮೊದಲು ಅವರು ಆ ಅಧ್ಯಾಯ ಹೇಳಿದಾಗ ತಾಳೆ ಹಾಕಿ ನೋಡಿದರೆ ಒಂದಕ್ಷರ ತಪ್ಪುತ್ತಿರಲಿಲ್ಲ. ಯಾವ ಪ್ರತಿಯಲ್ಲಿ ಶಾಯಿ ಚೆಲ್ಲಿದೆ ಎಂಬುದೂ ನೆನಪಿತ್ತು. ಹೀಗೇ ನಡೆದರೆ ಅರ್ಧವಾದರೂ ಸಿಕ್ಕೀತು ಎಂದು ಆಸೆಪಟ್ಟೆ. ಹೆಂಡತಿ ನಡುವೆ ಫೋನು ತೆಗೆದುಕೊಂಡು ಪುಸ್ತಕ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದರು. ಮುಂದೆ ಹೋಗುತ್ತಿದೆ ಎನ್ನುತ್ತಿದ್ದೆ.

ಎರಡನೆಯ ಚಳಿಗಾಲದ ಹೊತ್ತಿಗೆ ಇನ್ನೊಂದು ಸಣ್ಣ ಸ್ಟ್ರೋಕ್ ಆಗಿತ್ತು. ಮಾತು ತೊದಲುತ್ತಿರಲಿಲ್ಲ, ಹಾಗಾಗಿ ಎಲ್ಲಿ ತಪ್ಪುತ್ತಿದ್ದಾರೆಂದು ಗೊತ್ತಾಗುವುದೇ ಕಷ್ಟವಾಯಿತು. ಒಂದು ಪ್ರತಿಯ ಸಾಲನ್ನು ಇನ್ನೊಂದಕ್ಕೆ ಜೋಡಿಸಿದರು. ಆಮೇಲೆ ಯಾವ ಪ್ರತಿಯಲ್ಲೂ ಇಲ್ಲದ ಸಾಲುಗಳು ಬರತೊಡಗಿದವು. ನನ್ನ ನಕಲು ಮುಂದೆಯೇ ಇರುತ್ತಿತ್ತು. ಆಕ್ಷೇಪಣೆ ಎತ್ತಿದರೆ ಅವರು ಎಷ್ಟು ಚೆನ್ನಾಗಿ ಸಮರ್ಥಿಸುತ್ತಿದ್ದರೆಂದರೆ, ಇದು ಮೂಲದಲ್ಲಿ ಇರಬೇಕಿತ್ತು ಎಂದೇ ನನಗೂ ಅನ್ನಿಸುತ್ತಿತ್ತು. ಪ್ರತಿಯಲ್ಲಿ ಇಲ್ಲದ್ದನ್ನು ಪಾಠಕ್ಕೆ ಸೇರಿಸಬಾರದು ಎಂದು ನನಗೆ ಮೊದಲ ದಿನ ಕಲಿಸಿದವರು ಅವರು. ಬರೆದುಕೊಂಡೆಯಾ ಎಂದು ಕೇಳುತ್ತಿದ್ದರು. ಹೂಂ, ಬರೆದುಕೊಂಡೆ ಎನ್ನುತ್ತಿದ್ದೆ. ಹೂಂಗುಟ್ಟಿದ್ದಕ್ಕೆ ಈಗ ಸಿಡುಕುತ್ತಿರಲಿಲ್ಲ.

ಒಂದು ವಾರ ಅವರೇ ನಡುವೆ ನಿಲ್ಲಿಸಿದರು.

"ಎಲ್ಲೋ ತಪ್ಪುತ್ತಿದ್ದೇನೆ. ನನ್ನ ಹಾಳೆಗಳನ್ನು ನೋಡಬೇಕು. ಮುಂದಿನ ಸಲ ಬರುವಾಗ ತೆಗೆದುಕೊಂಡು ಬಾ."

ತಮಾಷೆ ಮಾಡುತ್ತಿದ್ದಾರೆಂದುಕೊಂಡೆ. ಪಕ್ಕದಲ್ಲಿ ಹೆಂಡತಿ ಇದ್ದಾರೆಂದು ನಾಟಕವಾಡುತ್ತಿದ್ದಾರೇನೋ ಎಂದೂ ಯೋಚಿಸಿದೆ. ಎರಡೂ ಅಲ್ಲ. ತಾವೇ ಕಟ್ಟಿದ ಸುಳ್ಳು ಅವರಿಗೆ ನಿಜವಾಗಿತ್ತು, ನಿಜ ಮರೆತುಹೋಗಿತ್ತು. ಆ ವಾರವೆಲ್ಲ ದಿನವೂ ಫೋನು ಮಾಡಿಸಿ ಅದನ್ನೇ ಕೇಳಿದರು. ತರುತ್ತೇನೆ ಎಂದೆ.

ನನ್ನ ಒಂದು ಅಧ್ಯಾಯದ ನಕಲನ್ನೇ ಹಿಡಿದುಕೊಂಡು ಹೋದೆ. ಹೆಂಡತಿ ಊಟದ ಮೇಜು ಖಾಲಿ ಮಾಡಿಸಿ, ಒಗೆದ ಬಟ್ಟೆ ಹಾಸಿ, ಅವರ ಕನ್ನಡಕ ಒರೆಸಿಟ್ಟಿದ್ದರು. ಮೇಷ್ಟ್ರಿಗೆ ಶರಟು ಇಸ್ತ್ರಿ ಮಾಡಿ ಹಾಕಿಸಿದ್ದರು. ಅವರು ಒಂದೊಂದೇ ಹಾಳೆ ತಿರುಗಿಸಿದರು. ಮತ್ತೆ ಮೊದಲಿನಿಂದ ತಿರುಗಿಸಿದರು.

"ಇದು ನಿನ್ನ ಅಕ್ಷರ. ನನ್ನವೆಲ್ಲಿ?" ಎಂದರು. ನನಗೆ ಅರ್ಥವಾಗಲಿಲ್ಲವೆಂದುಕೊಂಡು ಪಾಪ ಬಿಡಿಸಿ ಹೇಳಿದರು. "ಕತ್ತರಿಸಿ ಅಂಟಿಸಿದ ದೊಡ್ಡ ಹಾಳೆಗಳು. ಬಣ್ಣದ ಪೆನ್ಸಿಲಿನಲ್ಲಿ ಬರೆದದ್ದು. ನನ್ನ ಓದುವ ಕೋಣೆಯ ಕಪಾಟಿನಲ್ಲಿದ್ದವು." ಸರಿಯಿದ್ದ ಕೈಯಿಂದ ಹಾಳೆಯ ಅಳತೆ ತೋರಿಸಿದರು.

ಟೀ ತಂದ ಹೆಂಡತಿ ಅಲ್ಲೇ ನಿಂತು ಕೇಳುತ್ತಿದ್ದರು. ಟ್ರೇಯನ್ನು ಮೇಜಿನ ಮೇಲೆ ಇಟ್ಟರು. ನನ್ನ ಮುಖ ನೋಡಿದರು. ಅಲ್ಲ, ಅವು ಬೇರೆ, ಅವು ಸಿಡ್ನಿಯಲ್ಲಿವೆ ಎಂದು ಆ ಕ್ಷಣದಲ್ಲಿ ನಾನು ಹೇಳಬೇಕಿತ್ತು. ಅದರ ಬದಲು ಮೇಜಿನ ಮೇಲಿನ ನನ್ನ ಹಾಳೆಗಳನ್ನು ಒಟ್ಟುಮಾಡತೊಡಗಿದೆ. ಆಕೆ ಕುರ್ಚಿ ಎಳೆದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಮೇಷ್ಟ್ರು ಗಾಬರಿಯಾಗಿ ಆಕೆಯ ಬೆನ್ನ ಮೇಲೆ ಕೈಯಿಟ್ಟರು. ಏನಾಯಿತು ಎಂದು ಮತ್ತೆ ಮತ್ತೆ ಕೇಳಿದರು. ಆಕೆ ತಲೆ ಎತ್ತಲಿಲ್ಲ. ಆಗ ನನ್ನ ಕಡೆ ತಿರುಗಿದರು. ಅಷ್ಟು ವರ್ಷ ಎದುರು ಕೂತು ವಾದ ಮಾಡಿದ್ದರಲ್ಲಿ ಅವರು ನನ್ನನ್ನು ಅಂಥ ಸಿಟ್ಟಿನಿಂದ ಯಾವತ್ತೂ ನೋಡಿರಲಿಲ್ಲ.

"ಏನಂದೆ ನೀನು ಅವಳಿಗೆ?" ಎಂದು ಕೇಳಿದರು.