ನೆಲದೊಳಗಿನ ಹಿಮ, ನೀರೊಳಗಿನ ಊರು

ಬಾಗಲಕೋಟೆಯಲ್ಲಿ ಶಾಲು ಹೊದೆಯುವ ಡಿಸೆಂಬರಿನಲ್ಲಿ ಮೆಲ್ಬರ್ನಿನ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಅಂಥ ಬಿಸಿಲಿನ ದಿನ ನಾನು ದಪ್ಪ ಕೋಟು, ಕೈಗವಸು ತೊಟ್ಟು ಕ್ಲೇಟನ್ನಿನ ಪ್ರಯೋಗಾಲಯದ ಶೀತಕೋಣೆಗೆ ಕಾಲಿಟ್ಟೆ. ಉತ್ತರ ಧ್ರುವದ ಬಳಿಯಿಂದ ತಂದ ಒಂದು ತುಂಡು ನೆಲವನ್ನು ಕೈಗಿತ್ತರು. ಮಣ್ಣೆಂದುಕೊಂಡಿದ್ದೆ. ಬೆಳಕಿಗೆ ಹಿಡಿದರೆ ಬಹುಪಾಲು ಬರೀ ಮಂಜುಗಡ್ಡೆ. ನಡುವೆ ಮಣ್ಣಿನ ಕೆಲವು ಎಳೆಗಳು. ನೆಲವೂ ಕರಗಬಲ್ಲದು ಎಂದು ನನಗೆ ತಿಳಿದದ್ದು ಅಂದು.

ಊರಲ್ಲಿ ಭೂವಿಜ್ಞಾನ ಓದಿದವಳಿಗೆ ಇಲ್ಲಿ ಮೊದಲು ಕಲಿಯಬೇಕಾದದ್ದು ಭಾಷೆ. 'ಆರ್ವೋ ಬನ್ನಿ' ಎಂದರು ನಮ್ಮ ಪ್ರೊಫೆಸರು. ಆರ್ವೋ ಯಾರೋ ಸಹೋದ್ಯೋಗಿ ಇರಬೇಕೆಂದು ಹುಡುಕಾಡಿದೆ. ಅದು ಮಧ್ಯಾಹ್ನಕ್ಕೆ ಇವರಿಟ್ಟ ಮುದ್ದಿನ ಹೆಸರು. ರೆಂಟ್ ಹಂಚಿಕೊಂಡು ನನ್ನೊಂದಿಗೆ ಮನೆ ಹಿಡಿದವಳು ಲೀನಾ, ಅದೇ ಪ್ರಯೋಗಾಲಯದವಳು, ಕೆನಡಾದ ಉತ್ತರ ತುದಿಯ ಕಡಲತೀರದ ಹಳ್ಳಿಯವಳು. ನನ್ನ ಜೋಳದ ರೊಟ್ಟಿ ಅವಳಿಗೆ ಒಗ್ಗಿತು. ಅವಳ ಒಣಮೀನಿನ ವಾಸನೆ ಮಾತ್ರ ನನಗೆ ಕೊನೆಗೂ ಒಗ್ಗಲಿಲ್ಲ.

ಅವಳ ಊರಿನ ನೆಲ ಪರ್ಮಾಫ್ರಾಸ್ಟ್, ಅಂದರೆ ಬೇಸಿಗೆಯಲ್ಲೂ ಒಳಗೆ ಹೆಪ್ಪುಗಟ್ಟಿಯೇ ಇರುವ ನೆಲ. ಬಿರುಕುಗಳಿಗೆ ಇಳಿದ ನೀರು ಸಾವಿರಾರು ವರ್ಷ ಹೆಪ್ಪುಗಟ್ಟುತ್ತಾ ಬಂದು ಬೆಣೆಗಳಂತೆ ಹೂತು ಕುಳಿತಿದೆ. ಮನೆಗಳಿಗೆಲ್ಲ ಅದೇ ಆಸರೆ. ಈಗ ಬೇಸಿಗೆಗಳು ಬಿಸಿಯಾಗಿ, ಬೆಣೆ ಕರಗಿದಲ್ಲೆಲ್ಲ ನೆಲ ಕುಸಿದು ಹೊಂಡವಾಗುತ್ತಿದೆ. ಲೀನಾಳ ತಾಯಿ ಮೀನು ಇಡುತ್ತಿದ್ದ ನೆಲದೊಳಗಿನ ಉಗ್ರಾಣಕ್ಕೆ ನೀರು ನುಗ್ಗಿತ್ತು. ಮನೆ ಒಂದು ಕಡೆ ವಾಲಿ ಬಾಗಿಲು ಹಾಕಲು ಬರುತ್ತಿರಲಿಲ್ಲ. ಊರವರು ಒಳನಾಡಿನ ಗಟ್ಟಿ ದಿಬ್ಬಕ್ಕೆ ಹೊರಟರೂ ಆಕೆ ಒಲ್ಲೆನೆಂದು ಕುಳಿತಿದ್ದಳು. ಪ್ರತಿ ಫೋನೂ ಜಗಳದಲ್ಲೇ ಮುಗಿಯುತ್ತಿತ್ತು. ಹಗಲೆಲ್ಲ ಅಂಥದೇ ಹಿಮದ ತುಂಡು ಕೊಯ್ದು ಅಳೆಯುವವಳು ಸಂಜೆ ಅಡುಗೆಮನೆಯಲ್ಲಿ ಅಳುತ್ತಾ ನಿಲ್ಲುತ್ತಿದ್ದಳು.

ಒಂದು ಸಂಜೆ ನಮ್ಮವ್ವ ವಿಡಿಯೋ ಕಾಲ್‌ನಲ್ಲಿ ಅದನ್ನು ಕಂಡಳು. ಏನಾಯಿತೆಂದು ಕೇಳಿದಳು, ಹೇಳಿದೆ. ಅಣೆಕಟ್ಟಿನ ಹಿನ್ನೀರಿಗೆ ನಮ್ಮ ಹಳೆಯ ಮನೆಯೂ ಹೋಗಿ, ಮನೆ ಕಳೆದುಕೊಂಡವರಿಗೆಂದು ಕಟ್ಟಿದ ನವನಗರಕ್ಕೆ ಬಂದಿದ್ದೆವು. ನಾನಾಗ ಚಿಕ್ಕವಳು, ಮುಳುಗಡೆ ಎಂಬ ಮಾತು ಮಾತ್ರ ನೆನಪಿದೆ. ಅವ್ವ ಆ ಬಗ್ಗೆ ಎಂದೂ ಬಾಯಿಬಿಟ್ಟವಳಲ್ಲ.

"ಆಕಿಗೆ ಹೇಳವ್ವಾ, ಅವ್ವಗ ಬರ್ತಿಯೋ ಇಲ್ಲೋ ಅಂತ ಕೇಳಬ್ಯಾಡಂತ," ಎಂದಳು. "ಏನ್ ತಗೊಂಡ ಬರೂದೈತಿ ಅಂತ ಕೇಳಬೇಕು. ನನ್ನ ಯಾರೂ ಕೇಳಲಿಲ್ಲ. ನೆಲದಾಗ ಹುಗಿದ ಒಳಕಲ್ಲು ಅಲ್ಲೇ ಉಳೀತು."

ನಾನು ಇಂಗ್ಲಿಷಿಗೆ ತಿರುಗಿಸಿ ಲೀನಾಳಿಗೆ ಹೇಳಿದೆ. ರುಬ್ಬುವ ಆ ಕಲ್ಲಿನ ಮೇಲೆ ಅವಳಿಗೆ ಅಷ್ಟು ಮನಸ್ಸಿತ್ತೆಂದು ನನಗೇ ತಿಳಿದಿರಲಿಲ್ಲ.

ಮರುದಿನ ಲೀನಾ ತಾಯಿಯನ್ನು ಹಾಗೆಯೇ ಕೇಳಿದಳು. ಆಕೆ ಕಡಲ ಕಡೆಯ ಕಿಟಕಿ ಬೇಕು ಎಂದಳಂತೆ. ಲೀನಾಳ ಅಣ್ಣ ಚೌಕಟ್ಟಿನ ಸಮೇತ ಕಿತ್ತು ದಿಬ್ಬದ ಹೊಸ ಮನೆಗೆ ಕೂರಿಸಿದ. ಆಕೆ ಬಂದಳು. ಅಲ್ಲಿಂದ ಕಡಲು ಕಾಣುವುದಿಲ್ಲ, ಬರೀ ಬಯಲು. ಆದರೂ ದಿನವೂ ಅದರ ಪಕ್ಕದಲ್ಲೇ ಕೂತು ಹೊಲಿಯುತ್ತಾಳಂತೆ.

ನನಗೆ ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿ, ಸಿಕ್ಕ ವಾರ ಸಿಡ್ನಿಯ ಮಾರ್ಸ್ಡನ್ ಪಾರ್ಕಿನಲ್ಲಿ ಚಿಕ್ಕಪ್ಪನ ಮಗಳ ಗೃಹಪ್ರವೇಶವಿತ್ತು. ಮೊನ್ನೆ ಮೊನ್ನೆಯವರೆಗೆ ಹುಲ್ಲುಗಾವಲಾಗಿದ್ದ ಜಾಗದಲ್ಲಿ ಒಂದೇ ಅಚ್ಚಿನ ಮನೆಗಳು. "ಇನ್ನ್ ನೀನೂ ಒಂದ್ ಮನೆ ತಗೊಂಡ್ ಸೆಟ್ಲ್ ಆಗ್ಬಿಡು," ಎಂದಳು ಅವಳು. ನಕ್ಕೆ, ಕಣ್ಣು ಅವಳ ಅಂಗಳದ ನೆಲದ ಮೇಲಿತ್ತು.

ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿ ಪಿಆರ್ ಬಂದ ಸುದ್ದಿ ಹೇಳಿದೆ.

"ಹಂಗಾರ ಅದ ನಿನ್ನ ಊರಾತೇನು?"

"ಊರಲ್ಲ ಬೇ, ಮನಿ ಅಷ್ಟ."

"ನನಗೂ ನವನಗರ ಹಂಗ ಐತಿ ನೋಡು, ಇನ್ನೂ," ಎಂದಳು. ಆಮೇಲೆ, ಊಟಕ್ಕೆ ಏನು ಮಾಡಿದ್ದಾರೆಂದು ಕೇಳಿದಳು.